ನೋವು ರೂಪಾಯಿಗೆ ಎಷ್ಟಾಣೆ? ಹಾಸ್ಪೈಸ್ ಆರೈಕೆ ಬಗ್ಗೆ ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಬಾಗಲಕೋಟೆ ನವನಗರದಲ್ಲಿ ಸಣ್ಣದೊಂದು ಅಂಗಡಿ ಇಟ್ಟುಕೊಂಡಿದ್ದೇನೆ. ಆರು ವರ್ಷದ ಹಿಂದೆ ಅಪ್ಪನಿಗೆ ಗಲ್ಲದ ಕ್ಯಾನ್ಸರ್ ಆಯಿತು. ಆಪರೇಷನ್ ಆಯಿತು, ಕರೆಂಟು (ರೇಡಿಯೇಷನ್) ಕೊಟ್ಟಿದ್ದೂ ಆಯಿತು, ಆಮೇಲೆ ಒಂದು ದಿನ ದೊಡ್ಡ ಆಸ್ಪತ್ರೆಯವರು "ಇನ್ನ ಮನೀಗೆ ಕರಕೊಂಡು ಹೋಗ್ರಿ" ಅಂದರು. ಕರ್ಕೊಂಡು ಬಂದೆವು. ಬಂದು ಏನು ಮಾಡಬೇಕು ಅಂತ ಯಾರೂ ಹೇಳಿರಲಿಲ್ಲ. ಆಗ ಕೈ ಹಿಡಿದದ್ದು ಮನೆಗೇ ಬಂದು ನೋಡುವ ಒಂದು ತಂಡ. ಅಪ್ಪ ಹೋದ ಮೇಲೆ ನಾನೂ ಆ ತಂಡದ ಜೊತೆ ಸೇರಿಕೊಂಡೆ. ವಾರಕ್ಕೆ ಎರಡು ದಿನ ಸಿಸ್ಟರ್ ಜೊತೆ ಹಳ್ಳಿಗಳಿಗೆ ಹೋಗುತ್ತೇನೆ, ಮಿಕ್ಕ ದಿನ ಫೋನ್ ಎತ್ತುತ್ತೇನೆ. ಫೋನಿನಲ್ಲಿ ಬರುವ ಪ್ರಶ್ನೆಗಳು ಸುತ್ತಿ ಸುತ್ತಿ ಇವೇ. ಅದಕ್ಕೇ ಬರೆದಿಡುತ್ತಿದ್ದೇನೆ. ಒಂದು ಮಾತು: ಇದನ್ನು ಓದಿ ಮಾತ್ರೆಯ ಅಳತೆ ಹೆಚ್ಚು ಕಡಿಮೆ ಮಾಡಬೇಡಿ, ಅದನ್ನು ಡಾಕ್ಟರನ್ನೇ ಕೇಳಿ.

ಹಾಸ್ಪೈಸ್ ಅಂದರೆ ಸಾಯಲಿಕ್ಕೆ ಬಿಡುವ ಜಾಗ ತಾನೇ?

ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದು. ನೇರವಾಗಿ ಕೇಳುವವರು ಕಡಿಮೆ, ಸುತ್ತಿ ಬಳಸಿ ಕೇಳುವವರೇ ಜಾಸ್ತಿ.

ಅಲ್ಲ. ರೋಗ ವಾಸಿಯಾಗುವ ಹಂತ ದಾಟಿದ ಮೇಲೆ ಉಳಿದ ದಿನಗಳಲ್ಲಿ ನೋವು, ವಾಂತಿ, ಉಸಿರುಕಟ್ಟುವುದು, ಹುಣ್ಣು, ಹೆದರಿಕೆ ಇವನ್ನು ನೋಡಿಕೊಳ್ಳುವುದು ಹಾಸ್ಪೈಸ್. ಅದು ಒಂದು ಕಟ್ಟಡ ಆಗಿರಬಹುದು, ನಿಮ್ಮ ಮನೆಯ ಪಡಸಾಲೆಯೂ ಆಗಿರಬಹುದು. ಈಗ ನಾವು ಕಾಣುವ ರೂಪದ ಹಾಸ್ಪೈಸನ್ನು ಶುರು ಮಾಡಿದವರು ಸಿಸಿಲಿ ಸಾಂಡರ್ಸ್ ಅನ್ನುವ ಇಂಗ್ಲೆಂಡಿನ ಹೆಣ್ಣುಮಗಳು, 1967ರಲ್ಲಿ, ಲಂಡನ್ನಿನಲ್ಲಿ. ಅವರು ಮೊದಲು ನರ್ಸ್ ಆಗಿದ್ದರು, ಆಮೇಲೆ ಸಮಾಜ ಕಾರ್ಯಕರ್ತೆ, ಅದೂ ಆದ ಮೇಲೆ ಓದಿ ಡಾಕ್ಟರ್ ಆದವರು. ನೋವು ಮೈಯದ್ದೊಂದೇ ಅಲ್ಲ, ಮನಸ್ಸಿನದು, ಮನೆತನದ್ದು, ದೇವರ ಜೊತೆಗಿನ ತಕರಾರಿನದು ಎಲ್ಲ ಸೇರಿಯೇ ನೋವು ಅನ್ನುವುದು ಅವರ ಲೆಕ್ಕ. ಸಾಲ ತೀರಿಸದೆ ಮಲಗಿದ ರೈತನಿಗೆ ಬರೀ ಮಾತ್ರೆಯಿಂದ ನಿದ್ದೆ ಬರುವುದಿಲ್ಲ, ಅಲ್ವಾ? ಅದೇ ಮಾತು. ನಮ್ಮ ದೇಶದ ಮೊದಲ ಹಾಸ್ಪೈಸ್ 1986ರಲ್ಲಿ ಮುಂಬೈಯಲ್ಲಿ ಶುರುವಾದ ಶಾಂತಿ ಆವೇದನಾ ಸದನ.

ಡಾಕ್ಟರು ಪ್ಯಾಲಿಯೇಟಿವ್ ಅಂದರು, ನೀವು ಹಾಸ್ಪೈಸ್ ಅಂತೀರಿ. ಎರಡೂ ಒಂದೇನಾ?

ಅಕ್ಕತಂಗಿಯರು. ಪ್ಯಾಲಿಯೇಟಿವ್ ಅಂದರೆ ನೋವು ತಗ್ಗಿಸುವ ಆರೈಕೆ. ಕೀಮೋ, ಡಯಾಲಿಸಿಸ್ ನಡೆಯುತ್ತಿರುವಾಗಲೇ ಅದನ್ನೂ ತೆಗೆದುಕೊಳ್ಳಬಹುದು, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಹಾಸ್ಪೈಸ್ ಅದರ ಕೊನೆಯ ಭಾಗ. ನಮ್ಮ ಕಡೆ ಜನ ಬರುವುದು ತೀರಾ ತಡವಾಗಿ. ನಾಲ್ಕು ತಿಂಗಳು ಒದ್ದಾಡಿ, ಕೊನೆಯ ನಾಲ್ಕು ದಿನಕ್ಕೆ ಫೋನ್ ಮಾಡುತ್ತಾರೆ.

ಬರೀ ಕ್ಯಾನ್ಸರಿನವರಿಗಾ?

ಇಲ್ಲ. ಕಿಡ್ನಿ ಫೇಲ್, ಹಾರ್ಟ್ ದುರ್ಬಲ ಆದವರು, ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದವರು, ವರ್ಷಗಟ್ಟಲೆ ದಮ್ಮು ಇರುವವರು, ಮರೆವಿನ ಕಾಯಿಲೆಯ ಮುದುಕರು, ಎಲ್ಲರಿಗೂ ಬೇಕು. ಆದರೆ ಕೆಲವು ಕಡೆ ಕ್ಯಾನ್ಸರಿನವರನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಹೊರಡುವ ಮೊದಲು ಫೋನಿನಲ್ಲೇ ಕೇಳಿಬಿಡಿ. ಪೇಷಂಟನ್ನು ಟೆಂಪೊದಲ್ಲಿ ಮಲಗಿಸಿಕೊಂಡು ಹೋಗಿ, ಗೇಟಿನಿಂದ ವಾಪಸ್ ಬಂದವರನ್ನು ನೋಡಿದ್ದೇನೆ.

ಎಲ್ಲಿಗೆ ಕರ್ಕೊಂಡು ಹೋಗಬೇಕು? ಬೆಂಗಳೂರಿಗಾ?

ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ, ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತೆಗೆದುಕೊಳ್ಳದೆ ನೋಡುತ್ತಾರೆ, 1999ರಿಂದ ಅಲ್ಲಿ ಮಲಗಿಸಿಕೊಳ್ಳುವ ವ್ಯವಸ್ಥೆ ಇದೆ. ಒಳ್ಳೆಯ ಜಾಗ. ಆದರೆ ಬಸವ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಕೂತು ಹೋಗುವಷ್ಟು ತ್ರಾಣ ಪೇಷಂಟಿಗೆ ಇದೆಯಾ? ಅಲ್ಲಿಗೆ ಹೋದ ಮೇಲೆ ಮೊಮ್ಮಕ್ಕಳು ನೋಡಲು ಬರುತ್ತಾರಾ?

ಹತ್ತಿರದಲ್ಲೇ ಮೊದಲು ವಿಚಾರಿಸಿ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ (ನಮ್ಮ ನವನಗರ ಅಲ್ಲ, ಆಟೋದವರು ಗೊಂದಲ ಮಾಡಿಕೊಳ್ಳುತ್ತಾರೆ), ಬೆಳಗಾವಿಯಲ್ಲಿ ಕೆಎಲ್ಇ ಮತ್ತು ಬಿಮ್ಸ್, ವಿಜಯಪುರದಲ್ಲಿ ಬಿಎಲ್‌ಡಿಇ, ನಮ್ಮೂರಲ್ಲಿ ಕುಮಾರೇಶ್ವರ ಆಸ್ಪತ್ರೆ, ಜಿಲ್ಲಾ ಆಸ್ಪತ್ರೆಗಳು, ಇಂಥ ಕಡೆ ಹೋಗಿ "ನೋವಿನ ಮಾತ್ರೆ, ಮಾರ್ಫಿನ್ ಬರೆದುಕೊಡುವ ಡಾಕ್ಟರ್ ಯಾರಿದ್ದಾರೆ?" ಎಂದು ಕೇಳಿ. ಹಾಸ್ಪೈಸ್ ಎಲ್ಲಿದೆ ಅಂತ ಕೇಳಿದರೆ ಕೌಂಟರಿನಲ್ಲಿ ಕೂತವರಿಗೆ ಅರ್ಥ ಆಗುವುದಿಲ್ಲ, ಮಾರ್ಫಿನ್ ಅಂದರೆ ಕೂಡಲೇ ಆಗುತ್ತದೆ. ಕ್ಯಾನ್ಸರ್ ವಿಭಾಗದಲ್ಲಿ ಇಲ್ಲದಿದ್ದರೆ ಅರಿವಳಿಕೆ ಡಾಕ್ಟರ ಬಳಿ ಕೇಳಿ, ಬಹಳ ಕಡೆ ನೋವಿನ ಕೆಲಸ ಅವರೇ ಮಾಡುತ್ತಾರೆ.

ಮನೆಗೆ ಬರುವ ತಂಡ ಏನು ಮಾಡುತ್ತದೆ?

ಒಬ್ಬ ಸಿಸ್ಟರ್, ಕೆಲವು ಸಲ ಡಾಕ್ಟರ್, ನನ್ನಂಥ ಒಬ್ಬ ಸ್ವಯಂಸೇವಕ, ಒಂದು ಗಾಡಿ. ಇಷ್ಟೇ ತಂಡ. ಬಂದು ನೋವು ಎಷ್ಟಿದೆ ನೋಡುತ್ತಾರೆ, ಗಾಯಕ್ಕೆ ಡ್ರೆಸ್ಸಿಂಗ್ ಮಾಡುತ್ತಾರೆ, ಮೂತ್ರದ ಪೈಪು, ಮೂಗಿನ ಪೈಪು ಬದಲಿಸುತ್ತಾರೆ, ಹೊಟ್ಟೆಯಲ್ಲಿ ತುಂಬಿದ ನೀರು ತೆಗೆಸಬೇಕಾ ಅಂತ ಹೇಳುತ್ತಾರೆ. ಆದರೆ ಅವರು ನಿಮ್ಮ ಮನೆಯಲ್ಲಿ ಇರುವುದು ಮುಕ್ಕಾಲು ಗಂಟೆ. ಉಳಿದ ಇಪ್ಪತ್ಮೂರು ಗಂಟೆ ನೋಡುವವರು ನೀವು. ಹಾಗಾಗಿ ಅವರ ನಿಜವಾದ ಕೆಲಸ ನಿಮಗೆ ಕಲಿಸುವುದು. ಅಪ್ಪನ ಗಾಯ ತೊಳೆಯುವುದನ್ನು ನಮ್ಮ ಅವ್ವನಿಗೆ ಸಿಸ್ಟರ್ ಮೂರು ಸಲ ತೋರಿಸಿದರು. ನಾಲ್ಕನೇ ಸಲ ತಾವು ಕೈಕಟ್ಟಿ ಕೂತು ಅವ್ವನ ಕೈಯಲ್ಲೇ ಮಾಡಿಸಿದರು. ಅವತ್ತು ನನಗೆ ಸಿಟ್ಟು ಬಂದಿತ್ತು. ಈಗ ಗೊತ್ತಾಗುತ್ತದೆ.

ಮಾಡದ ಕೆಲಸವನ್ನೂ ಹೇಳಿಬಿಡಬೇಕು. ದಿನಾ ಮೈ ತೊಳೆಸಲು, ರಾತ್ರಿ ಕಾವಲಿರಲು ಈ ತಂಡ ಬರುವುದಿಲ್ಲ. ಅದಕ್ಕೆ ಬೇರೆ ಆಳು ನೋಡಿಕೊಳ್ಳಬೇಕು.

ನನ್ನಂಥ ಡಾಕ್ಟರ್ ಅಲ್ಲದವರಿಗೆ ಇಲ್ಲೇನು ಕೆಲಸ ಅಂತ ಕೇಳುವವರೂ ಇದ್ದಾರೆ. ಕೇರಳದವರು ತೋರಿಸಿಕೊಟ್ಟ ದಾರಿ ಇದು. ಕೋಝಿಕ್ಕೋಡಿನಲ್ಲಿ 1993ರಲ್ಲಿ ಶುರುವಾದ ಪ್ಯಾಲಿಯೇಟಿವ್ ಆರೈಕೆಯ ಸೊಸೈಟಿ ಮುಂದೆ ಊರಿನ ಜನರನ್ನೇ ಈ ಕೆಲಸಕ್ಕೆ ಇಳಿಸಿತು. ಅಕ್ಕಿ ಇಲ್ಲದ ಮನೆಗೆ ಅಕ್ಕಿ, ಶಾಲೆ ಬಿಟ್ಟ ಮಗುವಿಗೆ ಫೀಸು, ಪೆನ್ಷನ್ ಅರ್ಜಿ, ಇವೆಲ್ಲ ಮಾಡಲು ಸ್ಟೆತಾಸ್ಕೋಪು ಬೇಡ.

ನೋವು ಎಷ್ಟಿದೆ ಅಂತ ಹೇಗೆ ಅಳೆಯುತ್ತೀರಿ?

ಪುಸ್ತಕದಲ್ಲಿ ಸೊನ್ನೆಯಿಂದ ಹತ್ತರ ಅಳತೆ ಇದೆ. ನಮ್ಮ ಮುದುಕರಿಗೆ ಅದು ಒಗ್ಗುವುದಿಲ್ಲ. "ಹತ್ತಕ್ಕ ಎಷ್ಟು?" ಅಂದರೆ "ನಾ ಏನ್ ಸಾಲೀಗೆ ಹೋಗೇನೇನು" ಅನ್ನುತ್ತಾರೆ. ನಮ್ಮ ಸಿಸ್ಟರ್ ಆಣೆಯಲ್ಲಿ ಕೇಳುತ್ತಾರೆ, ಹದಿನಾರಾಣೆಗೆ ಒಂದು ರೂಪಾಯಿ ಅನ್ನುವ ಹಳೆಯ ಲೆಕ್ಕ. "ರೂಪಾಯಿಗೆ ಎಷ್ಟಾಣೆ ಐತಿ ಮುತ್ಯಾ ನೋವು?" "ಹದಿನಾಲ್ಕಾಣೆ ಐತಿ ತಂಗಿ." ಎಂಟಾಣೆಗಿಂತ ಮೇಲೆ ಹೋದರೆ ಫೋನ್ ಮಾಡಿ, ನಾಲ್ಕಾಣೆಗೆ ಇಳಿಸುವುದು ನಮ್ಮ ಗುರಿ. ನೀವೂ ಒಂದು ಕ್ಯಾಲೆಂಡರಿನ ಹಿಂದೆ ಹೊತ್ತು ಬರೆದು ಪಕ್ಕದಲ್ಲಿ ಆಣೆ ಬರೆಯಿರಿ. ಡಾಕ್ಟರಿಗೆ ಅದಕ್ಕಿಂತ ಉಪಯೋಗದ ರಿಪೋರ್ಟ್ ಇನ್ನೊಂದಿಲ್ಲ. ಮಾತಾಡಲಾಗದವರದ್ದು ಮುಖ ನೋಡಿ: ಹುಬ್ಬು ಗಂಟಿಕ್ಕಿದೆಯಾ, ಮಗ್ಗುಲು ಬದಲಿಸುವಾಗ ನರಳುತ್ತಾರಾ, ಒಂದು ಕೈ ಯಾವಾಗಲೂ ಒಂದೇ ಕಡೆ ಒತ್ತಿ ಹಿಡಿದಿದೆಯಾ.

ಮಾರ್ಫಿನ್ ಅಂದರೆ ಅಫೀಮು ಅಲ್ವಾ? ಚಟ ಹತ್ತುವುದಿಲ್ವಾ? ಬೇಗ ಸಾಯುವುದಿಲ್ವಾ?

ಒಂದೇ ಉಸಿರಿನಲ್ಲಿ ಮೂರೂ ಕೇಳುತ್ತಾರೆ. ನಾನೂ ಕೇಳಿದ್ದೆ.

ಹೌದು, ಅಫೀಮಿನಿಂದಲೇ ತೆಗೆಯುವುದು. ನೋವು ಇರುವವರಿಗೆ ಡಾಕ್ಟರ್ ಅಳತೆ ಹಾಕಿ ಕೊಟ್ಟರೆ ಚಟ ಹತ್ತುವುದು ತುಂಬಾ ಅಪರೂಪ. ತುಂಬ ದಿನ ತೆಗೆದುಕೊಂಡ ಮೇಲೆ ತಟ್ಟನೆ ನಿಲ್ಲಿಸಿದರೆ ಮೈ ಬೆವರುವುದು, ಚಡಪಡಿಕೆ ಆಗುತ್ತದೆ. ಅದು ಚಟ ಅಲ್ಲ, ದೇಹ ಹೊಂದಿಕೊಂಡಿರುತ್ತದೆ ಅಷ್ಟೇ. ನಿಲ್ಲಿಸುವುದಾದರೆ ಇಳಿಸುತ್ತಾ ನಿಲ್ಲಿಸುತ್ತಾರೆ. ಸರಿಯಾದ ಅಳತೆಯಲ್ಲಿ ಕೊಟ್ಟರೆ ಆಯುಸ್ಸು ಕಡಿಮೆಯಾಗುವುದೂ ಇಲ್ಲ. ಎಷ್ಟೋ ಜನ ನೋವು ಇಳಿದ ಮೇಲೆ ಎದ್ದು ಕೂತು ನುಚ್ಚು ಮಜ್ಜಿಗೆ ಉಂಡದ್ದನ್ನು ನೋಡಿದ್ದೇನೆ.

ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲು ಮಾಡಿಕೊಟ್ಟಿತು. ಸಣ್ಣ ನೋವಿಗೆ ಪ್ಯಾರಾಸಿಟಮಾಲ್ ಥರದ್ದು, ನಡುವಿನದಕ್ಕೆ ಟ್ರಮಡಾಲ್ ಥರದ್ದು, ಜೋರು ನೋವಿಗೆ ಮಾರ್ಫಿನ್. ಹಾಗಿದ್ದರೆ ಔಷಧಿ ಅಂಗಡಿಯಲ್ಲಿ ಯಾಕೆ ಸಿಗುವುದಿಲ್ಲ? 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಇದಕ್ಕೆ ಎಷ್ಟು ಲೈಸೆನ್ಸ್, ಎಷ್ಟು ಕಾಗದ ಆಯಿತೆಂದರೆ ಆಸ್ಪತ್ರೆಗಳು ಇಡುವುದನ್ನೇ ಬಿಟ್ಟವು. 2014ರಲ್ಲಿ ಕಾಯ್ದೆ ತಿದ್ದಿದರು. ಈಗ ಮಾನ್ಯತೆ ಪಡೆದ ಆಸ್ಪತ್ರೆ, ಹಾಸ್ಪೈಸ್ ಇಟ್ಟುಕೊಂಡು ಕೊಡಬಹುದು. ರಿಜಿಸ್ಟರಿನಲ್ಲಿ ಒಂದೊಂದು ಮಾತ್ರೆಗೂ ಲೆಕ್ಕ ಇರುತ್ತದೆ. ಮಾತ್ರೆ ಅಗ್ಗ. ಅದನ್ನು ಬರೆದುಕೊಡುವ ಡಾಕ್ಟರ್ ಸಿಗುವುದೇ ತುಟ್ಟಿ.

ಮನೆಯಲ್ಲಿ ನೆನಪಿಡಬೇಕಾದದ್ದು ಇಷ್ಟು. ಸಾಮಾನ್ಯ ಮಾರ್ಫಿನ್ ಮಾತ್ರೆಯ ಕೆಲಸ ನಾಲ್ಕು ಗಂಟೆ. ನೋವು ಬಂದ ಮೇಲೆ ಕೊಡುವುದಲ್ಲ, ಗಡಿಯಾರ ನೋಡಿ ಕೊಡುವುದು. ಬೆಳಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10, ಹೀಗೆ ಬರೆದುಕೊಡುತ್ತಾರೆ. ನಡುರಾತ್ರಿ ಎಬ್ಬಿಸಬಾರದು ಅಂತ ರಾತ್ರಿಯದನ್ನು ಬಹಳ ಸಲ ಹೆಚ್ಚಿಸಿರುತ್ತಾರೆ, ಅದನ್ನು ತಪ್ಪು ಅಂದುಕೊಂಡು ನೀವೇ ಅರ್ಧ ಮಾಡಬೇಡಿ. ಮಲಬದ್ಧತೆ ಆಗೇ ಆಗುತ್ತದೆ. ಹಾಗಾಗಿ ಹೊಟ್ಟೆ ಸಾಫಾಗುವ ಔಷಧಿಯನ್ನು ಮೊದಲ ದಿನದಿಂದಲೇ ಜೊತೆಗೆ ಕೊಡಬೇಕು. ಮಾರ್ಫಿನ್ ಬರೆದು ಅದನ್ನು ಬರೆಯದೇ ಬಿಟ್ಟಿದ್ದರೆ ವಾಪಸ್ ಹೋಗಿ ಕೇಳಿ. ಮೊದಲ ಮೂರು ನಾಲ್ಕು ದಿನ ವಾಕರಿಕೆ, ಮಂಪರು ಇರಬಹುದು, ಆಮೇಲೆ ತಗ್ಗುತ್ತದೆ. ಎಬ್ಬಿಸಿದರೂ ಏಳದಂಥ ನಿದ್ದೆ, ಉಸಿರು ತುಂಬಾ ನಿಧಾನ ಆದರೆ ಮುಂದಿನ ಮಾತ್ರೆ ಕೊಡದೆ ಕೂಡಲೇ ಫೋನ್ ಮಾಡಿ. ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ. ಮತ್ತೆ, ಮಕ್ಕಳ ಕೈಗೆ ಸಿಗದ ಕಡೆ ಇಡಿ, ಟಿವಿ ಮೇಲೆ ಅಲ್ಲ.

ತಂಡ ಒಳ್ಳೆಯದಾ ಕೆಟ್ಟದ್ದಾ ಅಂತ ಗೊತ್ತಾಗುವುದು ಹೇಗೆ?

ಟೈಲ್ಸ್ ನೋಡಬೇಡಿ. ಗೋಡೆ ಮೇಲಿನ ಸರ್ಟಿಫಿಕೇಟ್, ಉದ್ಘಾಟನೆಗೆ ಬಂದ ಮಂತ್ರಿಯ ಫೋಟೋ ನೋಡಬೇಡಿ. ನಾನು ಕೇಳುವುದು ಮೊದಲು ಒಂದೇ ಪ್ರಶ್ನೆ: ರಾತ್ರಿ 2 ಗಂಟೆಗೆ ನೋವು ಎದ್ದರೆ ಯಾರಿಗೆ ಫೋನ್ ಮಾಡಲಿ? "ಬೆಳಗ್ಗೆ ಒಪಿಡಿಗೆ ಬನ್ನಿ" ಅನ್ನುವ ಉತ್ತರ ಬಂದರೆ ಅದು ಹಾಸ್ಪೈಸ್ ಅಲ್ಲ, ಬೋರ್ಡ್ ಅಷ್ಟೇ. ಒಂದು ನಂಬರ್ ಕೊಟ್ಟರೆ ಅವತ್ತೇ ರಾತ್ರಿ ಒಂಬತ್ತರ ಮೇಲೆ ಅದಕ್ಕೆ ಒಮ್ಮೆ ಫೋನ್ ಮಾಡಿ ನೋಡಿ. ನಾಚಿಕೊಳ್ಳಬೇಡಿ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ ನಮಗೇ ಆಗಿದೆ. ಅಪ್ಪನನ್ನು ನೋಡುತ್ತಿದ್ದ ತಂಡ ಬೇರೆಲ್ಲ ವಿಷಯದಲ್ಲಿ ಚಿನ್ನ. ಆದರೆ ಒಂದು ಶನಿವಾರ ರಾತ್ರಿ ಅವರ ಫೋನ್ ಸ್ವಿಚ್ ಆಫ್. ಅಪ್ಪನ ಮಾತ್ರೆ ವಾಂತಿಯಲ್ಲಿ ಹೋಗಿತ್ತು. ಇನ್ನೊಂದು ಕೊಡಬಹುದಾ, ಕೊಟ್ಟರೆ ಜಾಸ್ತಿ ಆಗುತ್ತದಾ, ಕೊಡದಿದ್ದರೆ ಬೆಳಗಿನ ತನಕ ಹೇಗೆ, ಅನ್ನುತ್ತಾ ನಾನು ಅವ್ವ ಇಬ್ಬರೂ ಕೂತಿದ್ದೆವು, ಅಪ್ಪ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದರು, ಮಲಗಲಿಕ್ಕೂ ಆಗುತ್ತಿರಲಿಲ್ಲ. ಹದಿನಾರಾಣೆ. ಸೋಮವಾರ ಬಂದ ಡಾಕ್ಟರ್ ನೆಪ ಹೇಳಲಿಲ್ಲ. "ತಪ್ಪು ನಮ್ಮದು" ಅಂದರು, ಅವ್ವನ ಹತ್ತಿರವೂ ಹೇಳಿದರು, ಆ ವಾರವೇ ಎರಡನೇ ನಂಬರ್ ಮಾಡಿದರು. ವಾಂತಿಯಾದರೆ ಏನು ಮಾಡಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಮಂಚದ ತಲೆಗೆ ಅಂಟಿಸಿದರು. ಆ ಎರಡನೇ ನಂಬರ್ ಈಗ ಇರುವುದು ನನ್ನ ಜೇಬಿನಲ್ಲಿ.

ಉಳಿದದ್ದನ್ನು ಕೂತು ಗಮನಿಸಿ. ಮೊದಲ ಭೇಟಿಯಲ್ಲಿ ಫೈಲ್ ನೋಡುತ್ತಾರಾ, ಪೇಷಂಟ್ ಮುಖ ನೋಡುತ್ತಾರಾ? ಬಾಯಿ ತೆರೆಸಿ ಬ್ಯಾಟರಿ ಹಾಕಿ ನೋಡಿದರಾ? ಬೆನ್ನು ತಿರುಗಿಸಿ ಹುಣ್ಣು ಹುಡುಕಿದರಾ? ಈ ಎರಡು ಮಾಡುವ ಸಿಸ್ಟರ್ ಬಂದರೆ ಅರ್ಧ ಚಿಂತೆ ಬಿಡಿ. ಮಾರ್ಫಿನ್ ಅವರ ಹತ್ತಿರವೇ ಇದೆಯಾ, ಖಾಲಿಯಾದ ದಿನ ಏನು ಮಾಡುತ್ತಾರೆ? ಮಾತ್ರೆ ಹೆಚ್ಚಿಸಿದ ಮರುದಿನ ನೋವು ಇಳಿಯಿತಾ ಅಂತ ತಾವಾಗಿ ಫೋನ್ ಮಾಡಿ ಕೇಳುತ್ತಾರಾ, ಅಥವಾ ಮುಂದಿನ ವಾರಕ್ಕೇ ನೋಡೋಣ ಅನ್ನುತ್ತಾರಾ? ಮನೆಯ ಹೆಣ್ಣುಮಗಳ ಹತ್ತಿರ "ನೀವು ರಾತ್ರಿ ಮಲಗಿದಿರಾ ಅಕ್ಕಾ?" ಅಂತ ಕೇಳುತ್ತಾರಾ? ಮಲಗಿಸಿಕೊಳ್ಳುವ ಜಾಗವಾದರೆ ಒಂದು ಸಲ ಹೇಳದೆ ಕೇಳದೆ ಮಧ್ಯಾಹ್ನ ಮೂರಕ್ಕೆ ಹೋಗಿ, ಮೂಗಿನಿಂದಲೇ ಅರ್ಧ ಗೊತ್ತಾಗುತ್ತದೆ. ಇನ್ನೊಂದು ಮಾತು. ಪವಾಡ ಮಾಡುತ್ತೇವೆ, ಕೊನೆ ಹಂತದ ಕ್ಯಾನ್ಸರ್ ವಾಸಿ ಮಾಡುತ್ತೇವೆ ಅನ್ನುವವರ ಕಡೆ ಹೋಗಬೇಡಿ. ಹೊಲ ಮಾರಿ ಪುಡಿ ತಂದ ಮನೆಗಳಿಗೂ ಕೊನೆಗೆ ನಾವೇ ಹೋಗಿದ್ದೇವೆ.

ದೂರು ಇದ್ದರೆ ಹೇಳಬಹುದಾ? ಬರುವುದನ್ನೇ ಬಿಟ್ಟರೆ?

ಹೇಳಿ. ಸಿಸ್ಟರ್ ಎದುರು ಹೇಳಲು ಸಂಕೋಚ ಆದರೆ ತಂಡದ ಡಾಕ್ಟರಿಗೆ ಫೋನ್ ಮಾಡಿ. ದಿನ, ಹೊತ್ತು ಬರೆದುಕೊಂಡು ಹೇಳಿ. ಪುಕ್ಕಟೆ ಬರುವವರಿಗೆ ಏನು ಹೇಳುವುದು ಅಂತ ಸುಮ್ನೆ ಇದ್ದುಬಿಡುತ್ತಾರೆ ನಮ್ಮ ಜನ. ಪುಕ್ಕಟೆಯಾದರೂ ಕೆಲಸ ಕೆಲಸವೇ.

ಊಟ ಬಿಟ್ಟಿದ್ದಾರೆ. ಸಲೈನ್ ಹಚ್ಚಿಸಲಾ?

ಈ ಪ್ರಶ್ನೆ ಬಂದಾಗಲೆಲ್ಲ ಫೋನಿನ ಆಚೆ ಯಾರೋ ಅಳುತ್ತಿರುತ್ತಾರೆ. ಉಣಿಸುವುದೇ ನಮ್ಮಲ್ಲಿ ಪ್ರೀತಿ, ಅದು ನಿಂತರೆ ಕೈ ಕಟ್ಟಿ ಹಾಕಿದ ಹಾಗೆ.

ಬಾಯಿಹುಣ್ಣು, ವಾಂತಿ, ಮಲಬದ್ಧತೆಯಿಂದ ಊಟ ಬಿಟ್ಟಿದ್ದರೆ ಅದಕ್ಕೆ ಔಷಧಿ ಇದೆ, ಮೊದಲು ಅದನ್ನು ನೋಡಿಸಿ. ಆದರೆ ಕೊನೆಯ ದಿನಗಳಲ್ಲಿ ಹಸಿವು ತಾನೇ ಹೋಗುತ್ತದೆ. ದೇಹಕ್ಕೆ ಅರಗಿಸುವ ಶಕ್ತಿ ಇರುವುದಿಲ್ಲ. ಊಟ ಬಿಟ್ಟಿದ್ದರಿಂದ ಸಾಯುತ್ತಿರುವುದಲ್ಲ, ಸಾವು ಹತ್ತಿರ ಬಂದಿದ್ದರಿಂದ ಊಟ ಬಿಟ್ಟಿರುವುದು. ಒತ್ತಾಯ ಮಾಡಿ ಹಾಕಿದರೆ ಗಂಜಿ ಶ್ವಾಸಕೋಶಕ್ಕೆ ಹೋಗಬಹುದು. ಬಾಟಲಿಗಟ್ಟಲೆ ಸಲೈನ್ ಹಚ್ಚಿದರೆ ಕಾಲು ಬಾವು, ಎದೆಯಲ್ಲಿ ಗೊರಗೊರ ಜಾಸ್ತಿ ಆಗಬಹುದು. ಊರಿನಲ್ಲಿ ಬಂದು ಸಲೈನ್ ಹಚ್ಚಿ ಹೋಗುವವರು ಇದ್ದೇ ಇರುತ್ತಾರೆ, ಒಂದು ಮಾತು ತಂಡದ ಡಾಕ್ಟರನ್ನು ಕೇಳಿ ಹಚ್ಚಿಸಿ.

ಬದಲಿಗೆ ಬಾಯಿ ನೋಡಿಕೊಳ್ಳಿ. ಮೆತ್ತನೆ ಅರಿವೆಯನ್ನು ಸೋಡಾಪುಡಿ, ಚೂರು ಉಪ್ಪು ಹಾಕಿದ ನೀರಿನಲ್ಲಿ ಅದ್ದಿ ದಿನಕ್ಕೆ ನಾಲ್ಕು ಸಲ ಒರೆಸಿ. ತುಟಿಗೆ ತುಪ್ಪ ಹಚ್ಚಿ. ಎಚ್ಚರ ಇದ್ದು ನುಂಗಲು ಆಗುತ್ತಿದ್ದರೆ ಚಮಚದ ತುದಿಯಲ್ಲಿ ಮಜ್ಜಿಗೆ, ಎಳನೀರು, ಚಹಾ, ಅವರಿಗೆ ಏನಿಷ್ಟವೋ ಅದು. ಅಪ್ಪ ಕೇಳಿದ್ದು ಮಂಡಕ್ಕಿ ಜೊತೆಗಿನ ಮಿರ್ಚಿ. ತಿನ್ನಲು ಆಗಲಿಲ್ಲ, ಮೂಸಿ ನೋಡಿ ಇಟ್ಟರು.

ಗಾಯ ವಾಸನೆ ಬರುತ್ತಿದೆ. ಮನೆಯೊಳಗೆ ಇರಲು ಆಗುತ್ತಿಲ್ಲ.

ತಂಬಾಕು, ಗುಟ್ಕಾದಿಂದ ಆದ ಬಾಯಿ ಕ್ಯಾನ್ಸರ್ ನಮ್ಮಲ್ಲಿ ಕಡಿಮೆಯೇನಿಲ್ಲ, ಹೊರಗೆ ಒಡೆದ ಗಾಯ ಆದಾಗ ಬರುವ ಈ ವಾಸನೆ ಪೇಷಂಟಿಗೂ ಗೊತ್ತಾಗುತ್ತದೆ. ಮೊಮ್ಮಗ ದೂರ ಸರಿದದ್ದು ಅವರಿಗೆ ಕಾಣುತ್ತದೆ. ಇದಕ್ಕೆ ದಾರಿ ಇದೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಮೆಟ್ರೋನಿಡಜೋಲ್ ಮಾತ್ರೆ ನುಣ್ಣಗೆ ಪುಡಿ ಮಾಡಿ ತೊಳೆದ ಗಾಯದ ಮೇಲೆ ಉದುರಿಸುತ್ತಾರೆ, ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ. ಅಗ್ಗದ ಮಾತ್ರೆ. ಸಿಸ್ಟರ್ ತೋರಿಸಿದ ಮೇಲೆ ನೀವೇ ಮಾಡಬಹುದು. ತೊಳೆಯಲು ಕುದಿಸಿ ಆರಿಸಿದ ಉಪ್ಪುನೀರು ಸಾಕು. ಡ್ರೆಸ್ಸಿಂಗ್ ಅಂಟಿಕೊಂಡಿದ್ದರೆ ಕೀಳಬೇಡಿ, ನೆನೆಸಿ ಬಿಡಿಸಿ, ಇಲ್ಲದಿದ್ದರೆ ರಕ್ತ ಬರುತ್ತದೆ. ಬೇಸಿಗೆಯಲ್ಲಿ ನೊಣ ಕೂತು ಹುಳ ಆಗುವುದುಂಟು. ಹೆದರಿ ಮುಚ್ಚಿಡಬೇಡಿ, ಹೇಳಿ. ಟರ್ಪೆಂಟೈನ್ ಬತ್ತಿ ಇಟ್ಟು ಹುಳ ಹೊರಗೆ ತೆಗೆಯುವುದು ಸಿಸ್ಟರಿಗೆ ಹೊಸದಲ್ಲ. ಅದನ್ನು ನೀವು ಮಾಡಲು ಹೋಗಬೇಡಿ. ಸೊಳ್ಳೆಪರದೆಯೊಂದನ್ನು ಹಗಲಿನಲ್ಲೂ ಕಟ್ಟಿ.

ಜೋರಾಗಿ ರಕ್ತ ಬರುವ ಸಂಭವ ಇದ್ದರೆ ತಂಡದವರು ಮೊದಲೇ ಹೇಳುತ್ತಾರೆ. ಕೆಂಪು ಅಥವಾ ಗಾಢ ಬಣ್ಣದ ಟವೆಲ್, ಹಳೆಯ ಸೀರೆ ಹಾಸಿಗೆಯ ಪಕ್ಕ ಇಟ್ಟಿರಿ. ಬಿಳಿ ಬಟ್ಟೆಯ ಮೇಲೆ ರಕ್ತ ಕಂಡರೆ ಎಲ್ಲರ ಎದೆ ಒಡೆಯುತ್ತದೆ.

ಹಾಸಿಗೆ ಹುಣ್ಣು ಆಗದ ಹಾಗೆ ಏನು ಮಾಡಬೇಕು?

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಕೌದಿ ಮೇಲೆ ಮಲಗಿಸಬೇಡಿ. ಅಜ್ಜಿ ಹೊಲೆದ ಕೌದಿ ಅನ್ನುವ ಮಮತೆ ಸರಿ, ಆದರೆ ಅದರ ಹೊಲಿಗೆ ಗಂಟುಗಳು ತೆಳುವಾದ ಚರ್ಮಕ್ಕೆ ಒತ್ತುತ್ತವೆ. ಹಳೆಯ ಧೋತರ ಮಡಚಿ ಸುಕ್ಕಿಲ್ಲದೆ ಹಾಸಿ, ಕೌದಿ ಹೊದೆಯಲು ಇರಲಿ. ಕೆಂಪಾದ ಜಾಗವನ್ನು ತಿಕ್ಕಬೇಡಿ. ಏರ್ ಬೆಡ್ ಇದ್ದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ, ಅದರಲ್ಲೂ ಮೇ ತಿಂಗಳಲ್ಲಿ ಕರೆಂಟು ಹೋದರೆ ಪಂಪು ನಿಂತು ಏರ್ ಬೆಡ್ ಬರೀ ಪ್ಲಾಸ್ಟಿಕ್ ಆಗುತ್ತದೆ, ಬೆನ್ನು ಬೆವರಿ ಇನ್ನೂ ಕಷ್ಟ.

ಖರ್ಚು ಎಷ್ಟು? ಆರೋಗ್ಯ ಕಾರ್ಡ್ ನಡೆಯುತ್ತಾ?

ದಾನದಿಂದ ನಡೆಯುವ ತಂಡಗಳು ಏನೂ ತೆಗೆದುಕೊಳ್ಳುವುದಿಲ್ಲ. ಕೆಲವರು ಗಾಡಿಯ ಡೀಸೆಲ್ಲಿಗೆ ಅಂತ ಕೇಳುತ್ತಾರೆ. ಖಾಸಗಿ ಹೋಮ್ ಕೇರ್ ಆದರೆ ಭೇಟಿಗಿಷ್ಟು ಅಂತ ಇರುತ್ತದೆ, ಮೊದಲ ದಿನವೇ ಕಾಗದದಲ್ಲಿ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದ ತನಕ ಇದೆ, ಆದರೆ ಅದು ಆಸ್ಪತ್ರೆಯ ಚಿಕಿತ್ಸೆಗೆ. ಮನೆಯಲ್ಲಿ ಬೇಕಾಗುವ ಡೈಪರ್, ಹತ್ತಿ, ಆಳಿನ ಕೂಲಿ ಕೈಯಿಂದಲೇ ಹೋಗುತ್ತದೆ. ಆಶಾ ಕಾರ್ಯಕರ್ತೆಗೆ ಹೇಳಿಡಿ. ಹತ್ತಿ, ಬ್ಯಾಂಡೇಜ್ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಕೊಡಿಸಿದವರು ಇದ್ದಾರೆ.

ಪೇಷಂಟಿಗೆ ರೋಗದ ಹೆಸರು ಹೇಳಬೇಕಾ?

ಹತ್ತಕ್ಕೆ ಒಂಬತ್ತು ಮನೆಯಲ್ಲಿ ಬಾಗಿಲ ಹೊರಗೇ ನಿಲ್ಲಿಸಿ "ಅಪ್ಪಗ ಹೇಳಬ್ಯಾಡ್ರಿ" ಅನ್ನುತ್ತಾರೆ. ಒಳಗೆ ಹೋದರೆ ಅಪ್ಪ ಮೆಲ್ಲಗೆ "ನನಗ ಗೊತ್ತೈತಿ, ಹುಡುಗ್ರಿಗೆ ಹೇಳಬ್ಯಾಡ್ರಿ" ಅನ್ನುತ್ತಾರೆ. ನಮ್ಮ ತಂಡ ತಾನಾಗಿ ಹೇಳುವುದಿಲ್ಲ, ಪೇಷಂಟ್ ನೇರವಾಗಿ ಕೇಳಿದರೆ ಸುಳ್ಳನ್ನೂ ಹೇಳುವುದಿಲ್ಲ. ಹೊಲದ ಉತಾರ, ಬ್ಯಾಂಕಿನ ಸಹಿ, ಮಗಳ ಜೊತೆಗಿನ ಮುನಿಸು, ಇಂಥದ್ದು ಬಾಕಿ ಇದ್ದವರಿಗೆ ಹೊತ್ತು ಎಷ್ಟಿದೆ ಅಂತ ತಿಳಿಯುವುದು ಬೇಕಾಗಿರುತ್ತದೆ. ಇದು ನನ್ನ ಅಭಿಪ್ರಾಯ, ಒಪ್ಪದವರು ತುಂಬಾ ಇದ್ದಾರೆ.

ಇನ್ನೆಷ್ಟು ದಿನ?

ತಾರೀಕು ಯಾರೂ ಹೇಳಲಾರರು. ಹೇಳಿದವರನ್ನು ನಂಬಬೇಡಿ. ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ತಿಂಗಳ ಲೆಕ್ಕ, ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ವಾರದ ಲೆಕ್ಕ, ನಿನ್ನೆಗಿಂತ ಇವತ್ತು ಕಡಿಮೆ ಅನ್ನಿಸಿದರೆ ದಿನದ ಲೆಕ್ಕ. ದುಬೈಯಲ್ಲಿರುವ ಮಗನನ್ನು ಕರೆಸಲು ಈ ಲೆಕ್ಕ ಸಾಕು.

ಕೊನೆಯ ಒಂದೆರಡು ದಿನದಲ್ಲಿ ನಿದ್ದೆ ಜಾಸ್ತಿ ಆಗುತ್ತದೆ. ಮೂತ್ರ ಕಡಿಮೆ. ಕೈಕಾಲು ತಣ್ಣಗೆ, ಮೊಣಕಾಲಿನ ಚರ್ಮದಲ್ಲಿ ನೀಲಿ ನೀಲಿ ಮಚ್ಚೆ. ಉಸಿರು ಸ್ವಲ್ಪ ಹೊತ್ತು ಜೋರು, ಆಮೇಲೆ ನಿಂತೇ ಹೋಯಿತು ಅನ್ನುವಷ್ಟು ಬಿಡುವು, ಮತ್ತೆ ಶುರು. ಗಂಟಲಲ್ಲಿ ಗೊರಗೊರ ಶಬ್ದ ಬರುತ್ತದೆ, ಕೇಳುವವರಿಗೆ ಹಿಂಸೆ, ಪೇಷಂಟಿಗೆ ಅದರ ಅರಿವು ಇರುವ ಹಾಗೆ ಕಾಣುವುದಿಲ್ಲ. ಒಂದು ಮಗ್ಗುಲಿಗೆ ಮಲಗಿಸಿ, ತಲೆ ಸ್ವಲ್ಪ ಎತ್ತರಿಸಿ, ಔಷಧಿಯೂ ಇದೆ. ನೋವಿನ ಔಷಧಿ ನಿಲ್ಲಿಸಬಾರದು. ನುಂಗಲು ಆಗದಿದ್ದರೆ ಬೇರೆ ದಾರಿಯಿಂದ ಕೊಡುವುದನ್ನು ಹೇಳಿಕೊಡುತ್ತಾರೆ. ಮಾತಾಡುತ್ತಿರಿ, ಕಿವಿ ಕೇಳಿಸುತ್ತಿರಬಹುದು. ಹೆಸರು ಹಿಡಿದು ಗೋಳಾಡುವುದನ್ನು ಮಾತ್ರ ಸ್ವಲ್ಪ ಹೊರಗೆ ಇಟ್ಟುಕೊಳ್ಳಿ.

ಐಸಿಯು, ವೆಂಟಿಲೇಟರ್ ಬೇಡ ಅಂತ ಮೊದಲೇ ಬರೆದಿಡಬಹುದಾ?

ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರ ಮಾರ್ಚಿನಲ್ಲಿ ಇದನ್ನು ಒಪ್ಪಿತು. ಆಗ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು, ಯಾರಿಂದಲೂ ಆಗುವಂತಿರಲಿಲ್ಲ. 2023ರಲ್ಲಿ ಸುಲಭ ಮಾಡಿದರು: ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಹತ್ತಿರ ದೃಢೀಕರಿಸಿದರೆ ಸಾಕು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿ, ಆಸ್ಪತ್ರೆಗಳಲ್ಲಿ ಇದನ್ನು ತೀರ್ಮಾನಿಸಲು ಡಾಕ್ಟರುಗಳ ಎರಡು ಮಂಡಳಿ ಇರಬೇಕು ಅಂದಿತು. ಇದು ದಯಾಮರಣದ ಸೂಜಿ ಅಲ್ಲ. ಫಲ ಇಲ್ಲದ ಯಂತ್ರ ಹಚ್ಚದಿರುವುದು, ಅಥವಾ ಹಚ್ಚಿದ್ದನ್ನು ತೆಗೆಯುವುದು, ಅಷ್ಟೇ. ಬರೆದ ಕಾಗದ ಟ್ರಂಕಿನ ತಳದಲ್ಲಿ ಇಟ್ಟರೆ ಪ್ರಯೋಜನ ಇಲ್ಲ, ಮಕ್ಕಳೆಲ್ಲರಿಗೂ ತೋರಿಸಿ. ಪುಣೆಯಿಂದ ರಾತ್ರೋರಾತ್ರಿ ಬರುವ ಮಗನೇ "108ಕ್ಕೆ ಫೋನ್ ಮಾಡ್ರಿ, ಐಸಿಯುಗೆ ಹಾಕ್ರಿ" ಅಂತ ಕೂಗುವುದು. ಅವನ ತಪ್ಪಲ್ಲ, ನಾಲ್ಕು ತಿಂಗಳು ಅವನು ಏನೂ ನೋಡಿಲ್ಲ.

ಮನೆಯಲ್ಲೇ ತೀರಿಕೊಂಡರೆ ಪೊಲೀಸರು ಬರುತ್ತಾರಾ?

ಕಾಯಿಲೆಯಿಂದ ಆದ, ಮೊದಲೇ ಗೊತ್ತಿದ್ದ ಸಾವಿಗೆ ಪೊಲೀಸ್, ಪೋಸ್ಟ್‌ಮಾರ್ಟಮ್ ಯಾವುದೂ ಬೇಡ. ನೋಡುತ್ತಿದ್ದ ಡಾಕ್ಟರ್ ಸಾವಿನ ಕಾರಣ ಬರೆದುಕೊಡುತ್ತಾರೆ, ಆಸ್ಪತ್ರೆಯ ಹೊರಗಾದರೆ ಅದು ನಮೂನೆ 4ಎ. 21 ದಿನದೊಳಗೆ ನೋಂದಣಿ ಮಾಡಿಸಿ. ತಡವಾದರೆ ದಂಡ, ಓಡಾಟ. ಬ್ಯಾಂಕು, ವಾರಸಾ, ವಿಧವಾ ವೇತನ ಎಲ್ಲಕ್ಕೂ ಈ ಸರ್ಟಿಫಿಕೇಟ್ ಬೇಕು, ನಾಲ್ಕೈದು ಪ್ರತಿ ತೆಗೆಸಿಡಿ.

ಲಿಂಗಾಯತರ ಮನೆಗಳಲ್ಲಿ ಇನ್ನೊಂದು ಪ್ರಶ್ನೆ: ಕೂರಿಸುವುದು ಯಾವಾಗ? ಎರಡು ಮೂರು ಗಂಟೆ ಕಳೆದರೆ ಮೈ ಸೆಟೆಯಲು ಶುರುವಾಗುತ್ತದೆ. ಹಾಗಾಗಿ ಪೈಪು ತೆಗೆದು, ಗಾಯಕ್ಕೆ ಹೊಸ ಡ್ರೆಸ್ಸಿಂಗ್ ಕಟ್ಟಿ, ಮೈ ಒರೆಸುವುದನ್ನು ಬೇಗ ಮುಗಿಸಬೇಕು. ಸಿಸ್ಟರಿಗೆ ಫೋನ್ ಮಾಡಿದರೆ ಪೈಪು ಹೇಗೆ ತೆಗೆಯುವುದು ಅಂತ ಹೇಳುತ್ತಾರೆ, ಹತ್ತಿರ ಇದ್ದರೆ ಬಂದೇ ಬರುತ್ತಾರೆ. ಮುಸಲ್ಮಾನರ ಮನೆಯಲ್ಲೂ ಗುಸುಲಿಗೆ (ಕೊನೆಯ ಸ್ನಾನಕ್ಕೆ) ಮೊದಲು ಇದೇ ಕೆಲಸ.

ನೋಡಿಕೊಳ್ಳುವವರಿಗೆ ಸಾಕಾಗಿ ಹೋಗಿದೆ ಅನ್ನುವುದು ತಪ್ಪಾ?

ತಪ್ಪಲ್ಲ. "ಬೇಗ ಮುಗೀಲಪ್ಪಾ" ಅಂತ ಒಮ್ಮೆ ನನಗೂ ಅನ್ನಿಸಿತ್ತು. ಹಾಗೆ ಅನ್ನಿಸಿದ್ದು ಅಪ್ಪನ ಮೇಲಿನ ಸಿಟ್ಟಿನಿಂದಲ್ಲ, ನಿದ್ದೆ ಇಲ್ಲದ್ದರಿಂದ. ರಾತ್ರಿಗಳನ್ನು ಹಂಚಿಕೊಳ್ಳಿ. ಸೊಸೆಯೊಬ್ಬಳ ತಲೆಗೇ ಕಟ್ಟಬೇಡಿ, ಗಂಡುಮಕ್ಕಳಿಗೂ ಡೈಪರ್ ಬದಲಿಸಲು ಬರುತ್ತದೆ. ಮಲಗಿಸಿಕೊಳ್ಳುವ ಹಾಸ್ಪೈಸ್‌ಗಳಲ್ಲಿ ಕೆಲವು ಕಡೆ ಮನೆಯವರಿಗೆ ಬಿಡುವು ಸಿಗಲಿ ಅಂತಲೇ ಕೆಲವು ದಿನ ಪೇಷಂಟನ್ನು ಇಟ್ಟುಕೊಳ್ಳುತ್ತಾರೆ, ಕೇಳಿ ನೋಡಿ.

ಉಳಿದ ಮಾತ್ರೆ, ಏರ್ ಬೆಡ್ ಏನು ಮಾಡಬೇಕು?

ಮಾರ್ಫಿನ್ ಮಾತ್ರೆಗಳನ್ನು ಎಣಿಸಿ ತಂಡಕ್ಕೆ ವಾಪಸ್ ಕೊಡಿ. ಪಕ್ಕದ ಮನೆಯ ಕಾಕಾನ ಬೆನ್ನುನೋವಿಗೆ ಕೊಡಬೇಡಿ, ತಿಪ್ಪೆಗೂ ಎಸೆಯಬೇಡಿ. ಏರ್ ಬೆಡ್, ಮಂಚ, ಆಕ್ಸಿಜನ್ ಮಶೀನು ತಂಡದ್ದಾಗಿದ್ದರೆ ಹದಿಮೂರು ದಿನ ಕಾಯದೆ ತಿಳಿಸಿ, ನಾವೇ ಬಂದು ಒಯ್ಯುತ್ತೇವೆ, ಅದಕ್ಕಾಗಿ ಇನ್ನೊಂದು ಮನೆಯವರು ಕಾಯುತ್ತಿರುತ್ತಾರೆ. ಪಂಪನ್ನು ಮಾತ್ರ ಮರೆಯಬೇಡಿ. ಹಾಸಿಗೆ ಬರುತ್ತದೆ, ಪಂಪು ಮಂಚದ ಕೆಳಗೇ ಉಳಿದಿರುತ್ತದೆ, ಅದೊಂದಕ್ಕೆ ಮುಧೋಳದ ತನಕ ಮತ್ತೆ ಹೋಗಿ ಬಂದಿದ್ದೇನೆ.